ಬೆಕ್ಕು ತಲೆಕೆಳಗಾದ ಪೀರಿಯಡ್: ಪ್ರಾಥಮಿಕ ಶಾಲೆಗೆ ಯಾವ ಕೋಡಿಂಗ್ ಸಾಧನ?

ಜಗಳೂರು ತಾಲ್ಲೂಕಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯೊಂದರಲ್ಲಿ ಐದನೇ ತರಗತಿಯ ಮೂವರು ಮಕ್ಕಳು ಹಳೆಯ ಲ್ಯಾಪ್‌ಟಾಪೊಂದರ ಮುಂದೆ ಕುಳಿತು, ಆದೇಶಗಳ ಬಣ್ಣದ ತುಂಡುಗಳನ್ನು, ಅಂದರೆ ಬ್ಲಾಕುಗಳನ್ನು, ಜೋಡಿಸಿ ಕೋಡ್ ಮಾಡುವ ಸ್ಕ್ರ್ಯಾಚ್ ಎಂಬ ತಂತ್ರಾಂಶದಲ್ಲಿ ಒಂದು ಬೆಕ್ಕನ್ನು ನಡೆಸುತ್ತಿದ್ದರು. ಬೆಕ್ಕು ಪರದೆಯ ಬಲ ಅಂಚಿಗೆ ಹೋಗಿ ಅಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಅಂಚು ತಗುಲಿದರೆ ಹಿಂದಕ್ಕೆ ಪುಟಿಯುವಂತೆ ಮಾಡುವ ನೀಲಿ ಬ್ಲಾಕೊಂದನ್ನು ಮೇಷ್ಟ್ರು ತೋರಿಸಿಕೊಟ್ಟರು. ಅದನ್ನು ಜೋಡಿಸಿ, ಚಾಲನೆ ಕೊಡುವ ಹಸಿರು ಬಾವುಟ ಒತ್ತಿದ್ದೇ ತಡ, ಬೆಕ್ಕು ತಿರುಗಿತು. ಆದರೆ ಕಾಲು ಮೇಲೆ ಮಾಡಿಕೊಂಡು ಬಂತು. "ಸರ್, ಬೆಕ್ಕು ತಲೆಕೆಳಗಾತು!" ಎಂದು ಒಬ್ಬಳು ಕೂಗಿದಳು. ಹಾಗೇಕಾಯಿತೆಂಬುದು ಮೇಷ್ಟ್ರಿಗೂ ತಕ್ಷಣಕ್ಕೆ ಹೊಳೆಯಲಿಲ್ಲ. ಅವರು ಯೋಚಿಸುತ್ತಿರುವಷ್ಟರಲ್ಲಿ ಆ ಹುಡುಗಿ, ಪುಟಿಯುವ ಬ್ಲಾಕಿನ ಕೆಳಗೇ ಇದ್ದ ಇನ್ನೊಂದು ನೀಲಿ ಬ್ಲಾಕನ್ನು ಎಳೆದು ತಂದು ಸೇರಿಸಿದಳು. ಬೆಕ್ಕು ನೆಟ್ಟಗಾಯಿತು. ಅದು "ಎಡಕ್ಕೆ ಬಲಕ್ಕೆ ಮಾತ್ರ ತಿರುಗು, ಮಗುಚಬೇಡ" ಎನ್ನುವ ಬ್ಲಾಕು. ಅದರ ಮೇಲಿನ ಇಂಗ್ಲಿಷ್ ಅಕ್ಷರಗಳನ್ನು ಆಕೆ ಓದಿರಲಿಲ್ಲ. ಪಕ್ಕದಲ್ಲಿರುವುದರಿಂದ ಸಂಬಂಧವಿರಬೇಕೆಂದು ಊಹಿಸಿದ್ದಳು, ಅಷ್ಟೇ.

ಅದೇ ತಿಂಗಳು ದಾವಣಗೆರೆ ನಗರದ ಖಾಸಗಿ ಶಾಲೆಯೊಂದರ ನಾಲ್ಕನೇ ತರಗತಿಯಲ್ಲಿ ಬೇರೊಂದು ದೃಶ್ಯ ಕಂಡೆ. ಅಲ್ಲಿ ಮಗುವಿಗೊಂದು ಕಂಪ್ಯೂಟರಿತ್ತು, ತಂಪಾದ ಕೋಣೆಯಿತ್ತು, ಕಲಿಸುತ್ತಿದ್ದುದು ಆದೇಶಗಳನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಬರೆಯಬೇಕಾದ ಪೈಥಾನ್ ಎಂಬ ಭಾಷೆ. ಪರದೆಯ ಮೇಲೆ ತಮ್ಮ ಹೆಸರು ಮೂಡಿಸುವುದು ಮಕ್ಕಳಿಗೆ ಕೊಟ್ಟ ಕೆಲಸ. ಕೀಲಿಮಣೆಯ ಮೇಲೆ ಅಚ್ಚಾಗಿರುವುದೆಲ್ಲ ದೊಡ್ಡಕ್ಷರ, ಪೈಥಾನ್ ಬೇಡುವುದು ಸಣ್ಣಕ್ಷರ. 'ಪ್ರಿಂಟ್' ಎಂಬ ಆದೇಶದ ಮೊದಲ ಅಕ್ಷರವನ್ನು ದೊಡ್ಡದಾಗಿ ಒತ್ತಿದವರಿಗೆಲ್ಲ ಕೆಂಪು ಸಾಲಿನಲ್ಲಿ ದೋಷ ಸಂದೇಶ ಬಂತು. ಉದ್ಧರಣ ಚಿಹ್ನೆಗೆ ಶಿಫ್ಟ್ ಒತ್ತಬೇಕೆಂಬುದನ್ನು ಮಿಸ್ ಐದಾರು ಬಾರಿ ಹೇಳಿದರು. 40 ನಿಮಿಷದ ಪೀರಿಯಡ್ ಮುಗಿಯುವ ಹೊತ್ತಿಗೆ ಅರ್ಧದಷ್ಟು ಮಕ್ಕಳು ತಮ್ಮ ಹೆಸರನ್ನು ಕಂಡಿದ್ದರು. ಅವರು ಕಲಿತದ್ದಾದರೂ ಏನು ಎಂದು ಕೇಳಿದರೆ, ಕೀಲಿಮಣೆಯಲ್ಲಿ ಆ ಚಿಹ್ನೆ ಎಲ್ಲಿದೆ ಎಂಬುದನ್ನು ಎನ್ನಬೇಕು.

ಎರಡೂ ಕಡೆ ಮಕ್ಕಳು ತಪ್ಪು ಮಾಡಿದರು, ಎರಡೂ ಕಡೆ ಶ್ರಮ ಪಟ್ಟರು. ಆದರೆ ಶ್ರಮ ಬಿದ್ದ ಜಾಗ ಬೇರೆ. ಸಣ್ಣ ಮಕ್ಕಳಿಗೆ ಕೋಡಿಂಗ್ ಕಲಿಸಲು ಯಾವ ಸಾಧನ ಒಳ್ಳೆಯದು ಎಂಬ ಚರ್ಚೆಯಲ್ಲಿ ಯಾವುದು ಹೊಸದು, ಯಾವುದನ್ನು ದೊಡ್ಡ ಕಂಪನಿಗಳು ಬಳಸುತ್ತವೆ, ಯಾವುದು ಮುಂದೆ ಉದ್ಯೋಗಕ್ಕೆ ಬರುತ್ತದೆ ಎಂಬ ಮಾತುಗಳೇ ಹೆಚ್ಚು ಕೇಳಿಬರುತ್ತವೆ. ನನ್ನ ಮಟ್ಟಿಗೆ ಕೇಳಬೇಕಾದ ಪ್ರಶ್ನೆ ಒಂದೇ: ಈ ಸಾಧನದೊಂದಿಗೆ ಮಗುವಿನ ಕಷ್ಟ ಎಲ್ಲಿ ಖರ್ಚಾಗುತ್ತದೆ, ಯೋಚನೆಯಲ್ಲೋ, ಅಥವಾ ಅಕ್ಷರ, ಕೀಲಿ, ನೆಟ್‌ವರ್ಕುಗಳ ಜೊತೆಗಿನ ಗುದ್ದಾಟದಲ್ಲೋ?

ಪ್ರಶ್ನೆ ಈಗ ತುರ್ತಿನದಾಗಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ, ಕೋಡಿಂಗ್ ಚಟುವಟಿಕೆಗಳನ್ನು ಮಾಧ್ಯಮಿಕ ಹಂತದಲ್ಲಿ, ಅಂದರೆ 6ನೇ ತರಗತಿಯಿಂದ ತರಬೇಕೆಂದೂ, ಅದಕ್ಕಿಂತ ಮೊದಲಿನ ವರ್ಷಗಳಲ್ಲಿ ಒಗಟು ಮತ್ತು ಆಟಗಳ ಮೂಲಕ ಗಣಿತದ ಹಾಗೂ ಗಣಕೀಯ ಚಿಂತನೆಯನ್ನು ಬೆಳೆಸಬೇಕೆಂದೂ ಹೇಳಿತ್ತು. 2025ರ ಅಕ್ಟೋಬರಿನಲ್ಲಿ ಕೇಂದ್ರ ಶಿಕ್ಷಣ ಸಚಿವಾಲಯವು 2026-27ನೇ ಶೈಕ್ಷಣಿಕ ವರ್ಷದಿಂದ 3ನೇ ತರಗತಿಯಿಂದಲೇ ಕೃತಕ ಬುದ್ಧಿಮತ್ತೆ ಮತ್ತು ಗಣಕೀಯ ಚಿಂತನೆಯ ಪಠ್ಯಕ್ರಮ ತರುವುದಾಗಿ ಪ್ರಕಟಿಸಿತು. 'ಗಣಕೀಯ ಚಿಂತನೆ' ಎಂದರೆ ಕೋಡಿಂಗ್ ಅಲ್ಲ. ದೊಡ್ಡ ಕೆಲಸವನ್ನು ಸಣ್ಣ ಹೆಜ್ಜೆಗಳಾಗಿ ಒಡೆಯುವುದು, ಮರುಕಳಿಸುವುದನ್ನು ಗುರುತಿಸುವುದು, ತಪ್ಪಿದ ಹೆಜ್ಜೆಯನ್ನು ಹುಡುಕುವುದು. ಆದರೆ ಶಾಲೆಗಳ ಬಾಗಿಲಿಗೆ ಬರುವ ಮಾರಾಟ ಪ್ರತಿನಿಧಿಗಳಿಗೆ ಈ ವ್ಯತ್ಯಾಸ ಬೇಕಾಗಿಲ್ಲ. ಪಾಲಕರ ಆಸೆಯೂ ಅವರ ಕೆಲಸವನ್ನು ಸುಲಭ ಮಾಡಿದೆ. 1951ರಿಂದ ಯುಬಿಡಿಟಿ, 1979ರಿಂದ ಬಿಐಇಟಿಯಂಥ ಎಂಜಿನಿಯರಿಂಗ್ ಕಾಲೇಜುಗಳನ್ನು ಕಂಡ ಊರು ದಾವಣಗೆರೆ. ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವವರಿಗೂ ಮಗ ಬೆಂಗಳೂರಿನಲ್ಲಿ ಕಂಪ್ಯೂಟರ್ ಮುಂದೆ ಕೂರಬೇಕೆಂಬ ಕನಸಿದೆ. ಆ ಕನಸಿನಲ್ಲಿ ತಪ್ಪೇನೂ ಇಲ್ಲ. ಲಾಕ್‌ಡೌನ್ ಕಾಲದಲ್ಲಿ ಆರು ವರ್ಷದ ಮಕ್ಕಳನ್ನೂ ಆ್ಯಪ್ ತಯಾರಕರನ್ನಾಗಿ ಮಾಡುವ ಜಾಹೀರಾತುಗಳು ಅದನ್ನೇ ಬಂಡವಾಳ ಮಾಡಿಕೊಂಡಿದ್ದವು. ಕೊನೆಗೆ 2020ರಲ್ಲಿ ಭಾರತೀಯ ಜಾಹೀರಾತು ಮಾನದಂಡ ಮಂಡಳಿ ಅಂಥ ಕೆಲವು ಜಾಹೀರಾತುಗಳನ್ನು ಹಿಂತೆಗೆದುಕೊಳ್ಳುವಂತೆ ಸೂಚಿಸಬೇಕಾಯಿತು.

ಮಕ್ಕಳಿಗಾಗಿಯೇ ಕಂಪ್ಯೂಟರ್ ಭಾಷೆ ರೂಪಿಸುವ ಪ್ರಯತ್ನಕ್ಕೆ ಅರ್ಧ ಶತಮಾನಕ್ಕೂ ಮೀರಿದ ಇತಿಹಾಸವಿದೆ. 1967ರಲ್ಲಿ ಅಮೆರಿಕದಲ್ಲಿ ಸೀಮೋರ್ ಪೇಪರ್ಟ್, ವಾಲಿ ಫೋಯರ್ಜಿಗ್ ಮತ್ತು ಸಿಂಥಿಯಾ ಸೊಲೊಮನ್ ಸೇರಿ ಲೋಗೋ ಎಂಬ ಭಾಷೆಯನ್ನು ತಂದರು. ಮುಂದೆ ಅದಕ್ಕೊಂದು ಆಮೆ ಬಂತು. ಮೊದಲು ನೆಲದ ಮೇಲೆ ಓಡಾಡುವ ಯಂತ್ರವಾಗಿ, ಆಮೇಲೆ ಪರದೆಯ ಮೇಲಿನ ಗುರುತಾಗಿ, ಮಗು ಹೇಳಿದಷ್ಟು ಮುಂದೆ ಸಾಗಿ, ಹೇಳಿದಷ್ಟು ತಿರುಗಿ, ಸಾಗಿದ ದಾರಿಯಲ್ಲಿ ಗೆರೆ ಎಳೆಯುವ ಆಮೆ. ಜಿನೀವಾದಲ್ಲಿ ಮನೋವಿಜ್ಞಾನಿ ಜೀನ್ ಪಿಯಾಜೆ ಅವರೊಂದಿಗೆ ಕೆಲಸ ಮಾಡಿ ಬಂದಿದ್ದ ಪೇಪರ್ಟ್ ಅವರ ಆಲೋಚನೆ ಸರಳವಾಗಿತ್ತು: ಮಗು ತಾನೇ ಆಮೆಯಾಗಿ ನಡೆದು ನೋಡಿ ರೇಖಾಗಣಿತವನ್ನು ಕಂಡುಕೊಳ್ಳಬಲ್ಲದು. ತ್ರಿಭುಜ ಬರೆಯಲು 60 ಡಿಗ್ರಿ ತಿರುಗಿಸಿದರೆ ತ್ರಿಭುಜ ಕೂಡುವುದಿಲ್ಲ, 120 ತಿರುಗಿಸಬೇಕು; ಅದೇಕೆ ಎಂಬುದು ಪುಸ್ತಕ ನೋಡಿದರೆ ತಿಳಿಯುವುದಿಲ್ಲ, ಶಾಲೆಯ ಅಂಗಳದಲ್ಲಿ ಸುಣ್ಣದ ಗೆರೆಯ ಮೇಲೆ ನಡೆದು ಮೂಲೆಯಲ್ಲಿ ಮೈ ತಿರುಗಿಸಿದರೆ ತಿಳಿಯುತ್ತದೆ.

ಆದರೆ ಅದೇ ಲೋಗೋದ ಕಥೆಯಲ್ಲಿ ಉತ್ಸಾಹಿಗಳು ಸಾಮಾನ್ಯವಾಗಿ ಹೇಳದೆ ಬಿಡುವ ಇನ್ನೊಂದು ಅಧ್ಯಾಯವಿದೆ. 1980ರ ದಶಕದಲ್ಲಿ ರಾಯ್ ಪೀ ಮತ್ತು ಮಿಡಿಯನ್ ಕರ್ಲಂಡ್ ಎಂಬ ಸಂಶೋಧಕರು, ಲೋಗೋ ಕಲಿತ ಮಕ್ಕಳು ಬೇರೆ ಕೆಲಸಗಳನ್ನು ಯೋಜಿಸುವುದರಲ್ಲಿ ಉಳಿದ ಮಕ್ಕಳಿಗಿಂತ ಮುಂದಿದ್ದಾರೆಯೇ ಎಂದು ಪರೀಕ್ಷಿಸಿದರು. ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಕೋಡಿಂಗ್ ಕಲಿತರೆ ಬುದ್ಧಿ ತಾನಾಗಿಯೇ ಚುರುಕಾಗುತ್ತದೆ ಎಂಬ ಮಾತನ್ನು ಇಂದಿಗೂ ಕರಪತ್ರಗಳಲ್ಲಿ ಅಚ್ಚು ಹಾಕಿಸುವವರು ಈ ಅಧ್ಯಯನವನ್ನು ಕೇಳಿರಲಾರರು. ಸಾಧನ ಎಷ್ಟೇ ಸೊಗಸಾಗಿದ್ದರೂ, ಮಗು ಮಾಡಿದ್ದನ್ನು ಕುರಿತು ಅದನ್ನು ಮಾತನಾಡಿಸುವ, "ಹೀಗೇಕಾಯಿತು ಹೇಳು" ಎಂದು ಕೇಳುವ ಶಿಕ್ಷಕರಿಲ್ಲದಿದ್ದರೆ ಕಲಿತದ್ದು ಪರದೆಯ ಆಚೆಗೆ ದಾಟುವುದಿಲ್ಲ. ಆದ್ದರಿಂದ ಸಾಧನದ ಆಯ್ಕೆಯೆಂದರೆ ಶಿಕ್ಷಕರಿಗೆ ಆ ಪ್ರಶ್ನೆ ಕೇಳಲು ಬಿಡುವು ಮಾಡಿಕೊಡುವ ಸಾಧನದ ಆಯ್ಕೆಯೂ ಹೌದು.

ಇಲ್ಲಿ ಮೊದಲು ಎದುರಾಗುವುದು ಭಾಷೆ. ಕನ್ನಡ ಮಾಧ್ಯಮದ ನಾಲ್ಕನೇ ತರಗತಿಯ ಮಗು ಇಂಗ್ಲಿಷನ್ನು ಅಕ್ಷರ ಕೂಡಿಸಿ ಓದುವ ಹಂತದಲ್ಲಿರುತ್ತದೆ. ಆ ಮಗುವಿಗೆ ಪಠ್ಯರೂಪದ ಯಾವ ಪ್ರೋಗ್ರಾಮಿಂಗ್ ಭಾಷೆ ಕೊಟ್ಟರೂ ಅದು ಎರಡು ಪಾಠಗಳನ್ನು ಒಟ್ಟಿಗೇ ಕಲಿಸಿದಂತೆ, ಎರಡೂ ಅರೆಬರೆ. ತಂತ್ರಜ್ಞಾನ ಬರಹಗಾರ ಯು.ಬಿ. ಪವನಜ ಅವರು ಹಿಂದೆಯೇ ಲೋಗೋವನ್ನು ಕನ್ನಡಕ್ಕೆ ತಂದು, ಆಮೆಗೆ ಆದೇಶವನ್ನು ಕನ್ನಡದಲ್ಲೇ ಕೊಡುವಂತೆ ಮಾಡಿದ್ದರು. ಅಂಥ ಪ್ರಯತ್ನ ಶಾಲೆಗಳಲ್ಲಿ ಬೇರೂರಲಿಲ್ಲ ಎಂಬುದು ನಮ್ಮ ನಷ್ಟ. ಇಂದು ಒಂದು ತಂತ್ರಾಂಶವನ್ನು ಶಾಲೆಗೆ ತರುವ ಮೊದಲು ಶಿಕ್ಷಕರು ಮಾಡಬೇಕಾದ ಮೊದಲ ಕೆಲಸವೆಂದರೆ ಭಾಷೆಯ ಪಟ್ಟಿ ತೆರೆದು ಅಲ್ಲಿ ಕನ್ನಡ ಇದೆಯೇ, ಇದ್ದರೆ ಅದು ಮಗುವಿಗೆ ಅರ್ಥವಾಗುವ ಕನ್ನಡವೇ ಎಂದು ನೋಡುವುದು. ಸ್ಕ್ರ್ಯಾಚ್‌ನಲ್ಲಾದರೆ ಮೇಲ್ಪಟ್ಟಿಯಲ್ಲಿ, ಹೊಸ ಆವೃತ್ತಿಗಳಲ್ಲಿ ಸೆಟ್ಟಿಂಗ್ಸ್ ಒಳಗೆ, ಇರುವ ಗೋಳದ ಚಿಹ್ನೆ ಒತ್ತಿದರೆ ಆ ಪಟ್ಟಿ ಸಿಗುತ್ತದೆ. 'ಪುನರಾವರ್ತಿಸು' ಎಂದು ಬರೆದ ಬ್ಲಾಕಿಗಿಂತ 'ಮತ್ತೆ ಮತ್ತೆ ಮಾಡು' ಎಂದು ಬರೆದ ಬ್ಲಾಕು ಮೂರನೇ ತರಗತಿಯ ಮಗುವಿಗೆ ಹತ್ತಿರ.

ಕನ್ನಡ ಇಲ್ಲದಿದ್ದರೂ ದಾರಿ ಮುಚ್ಚಿಲ್ಲ. ಮೇಲೆ ಹೇಳಿದ ಜಗಳೂರಿನ ಶಾಲೆಯಲ್ಲಿ ಮೇಷ್ಟ್ರು ಹಳೆಯ ಕ್ಯಾಲೆಂಡರಿನ ಹಾಳೆಗಳ ಹಿಂಬದಿಯಲ್ಲಿ ಹದಿನೈದು ಬ್ಲಾಕುಗಳ ಚಿತ್ರವನ್ನು ಅದೇ ಬಣ್ಣದಲ್ಲಿ ಬರೆದು, ಪಕ್ಕದಲ್ಲಿ ಕನ್ನಡ ಅರ್ಥ ಬರೆದು ಗೋಡೆಗೆ ಅಂಟಿಸಿದ್ದರು. ಎರಡು ವಾರದ ಮೇಲೆ ಮಕ್ಕಳು ಅದನ್ನೂ ನೋಡುತ್ತಿರಲಿಲ್ಲ. ಸ್ಕ್ರ್ಯಾಚ್‌ನಲ್ಲಿ ಚಲನೆಯ ಬ್ಲಾಕುಗಳು ನೀಲಿ, ಆರಂಭಿಸುವ ಬ್ಲಾಕುಗಳು ಹಳದಿ, ನಿಯಂತ್ರಣದವು ಕಿತ್ತಳೆ. "ನೀಲಿದು, ಮೇಲಿಂದ ಎರಡನೇದು ಹಾಕು" ಎಂದು ಒಬ್ಬ ಇನ್ನೊಬ್ಬನಿಗೆ ಹೇಳುವುದು ಕೇಳಿಸುತ್ತಿತ್ತು. ಎರಡನೆಯದೆಂದರೆ ಬಲಕ್ಕೆ ತಿರುಗುವ ಬ್ಲಾಕು. ಅಕ್ಷರದ ಹಂಗಿಲ್ಲದೆ ಬಣ್ಣ, ಆಕಾರ, ಜಾಗಗಳಿಂದಲೇ ಕೆಲಸ ಸಾಗುವುದು ಬ್ಲಾಕುಗಳ ದೊಡ್ಡ ಅನುಕೂಲ. ಹೊಂದದ ಬ್ಲಾಕುಗಳು ಒಂದಕ್ಕೊಂದು ಕೂಡುವುದೇ ಇಲ್ಲವಾದ್ದರಿಂದ ವ್ಯಾಕರಣದ ತಪ್ಪಿಗೆ ಅವಕಾಶವಿಲ್ಲ. ಉಳಿಯುವುದು ಯೋಚನೆಯ ತಪ್ಪು ಮಾತ್ರ.

ಒಂದರಿಂದ ಮೂರನೇ ತರಗತಿಯವರೆಗೆ ಪರದೆಯೇ ಬೇಡ ಎಂಬುದು ನನ್ನ ನಿಲುವು. ಹಾಗೆನ್ನಲು ಪರದೆಯ ಮೇಲಿನ ಸಿಟ್ಟು ಕಾರಣವಲ್ಲ. ನಮ್ಮ ಸರ್ಕಾರಿ ಶಾಲೆಗಳ ಈ ತರಗತಿಗಳಲ್ಲಿ ಬೇಕಾದದ್ದು ಈಗಾಗಲೇ ಇದೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ ನಲಿ-ಕಲಿ ಪದ್ಧತಿಯನ್ನು ಒಮ್ಮೆ ಕೋಡಿಂಗಿನ ಕಣ್ಣಿನಿಂದ ನೋಡಿ. ಗೋಡೆಯ ಮೇಲೊಂದು ಕಲಿಕಾ ಏಣಿ. ಏಣಿಯ ಮೆಟ್ಟಿಲುಗಳಲ್ಲಿ ಪ್ರಾಣಿ, ಪಕ್ಷಿ ಮುಂತಾದ ಚಿತ್ರಗಳು. ಅವುಗಳಿಗೆ ಶಿಕ್ಷಕರು ಇಟ್ಟುಕೊಂಡಿರುವ ಹೆಸರೇ 'ಲೋಗೋ' ಎಂಬುದು ಕಾಕತಾಳೀಯ. ಒಂದೊಂದು ಚಿತ್ರಕ್ಕೂ ಒಂದೊಂದು ಬಗೆಯ ಚಟುವಟಿಕೆ. ಓದಲು ಬಾರದ ಮಗು ಏಣಿ ನೋಡಿ, ತಾನು ಎಲ್ಲಿದ್ದೇನೆಂದು ಗುರುತಿಸಿ, ಅದೇ ಚಿತ್ರದ ಕಾರ್ಡನ್ನು ತಟ್ಟೆಯಿಂದ ತೆಗೆದು, ಹೇಳಿದ ಗುಂಪಿಗೆ ಹೋಗಿ ಕೂರುತ್ತದೆ. ಮುಗಿಸಿದರೆ ಮುಂದಿನ ಮೆಟ್ಟಿಲು, ಮುಗಿಸದಿದ್ದರೆ ಅದೇ ಮೆಟ್ಟಿಲು. ಚಿತ್ರಸಂಕೇತಗಳ ಸಾಲನ್ನು ಅನುಕ್ರಮವಾಗಿ ಓದಿ ನಡೆಸುವುದು, ಒಂದು ಷರತ್ತು ಪೂರೈಸಿದರೆ ಮುಂದಕ್ಕೆ ಹೋಗುವುದು, ಇಷ್ಟನ್ನು ಆ ಮಗು ದಿನವೂ ಮಾಡುತ್ತಿದೆ.

5ರಿಂದ 7 ವರ್ಷದವರಿಗಾಗಿ 2014ರಲ್ಲಿ ಬಂದ ಸ್ಕ್ರ್ಯಾಚ್ ಜೂನಿಯರ್ ಎಂಬ ಉಚಿತ ಆ್ಯಪ್ ಮಾಡುವುದೂ ಇದನ್ನೇ: ಅಕ್ಷರಗಳಿಲ್ಲದ ಚಿತ್ರದ ಬ್ಲಾಕುಗಳನ್ನು ಎಡದಿಂದ ಬಲಕ್ಕೆ ಸಾಲಾಗಿ ಜೋಡಿಸುವುದು. ಶಾಲೆಯಲ್ಲಿ ಟ್ಯಾಬ್ ಇದ್ದರೆ ಮೂರನೇ ತರಗತಿಯ ಕೊನೆಯಲ್ಲಿ ಅದನ್ನು ಬಳಸಬಹುದು. ಮಕ್ಕಳು ತಮ್ಮದೇ ದನಿಯನ್ನು ಅದರಲ್ಲಿ ರೆಕಾರ್ಡ್ ಮಾಡಿಕೊಳ್ಳಬಹುದಾದ್ದರಿಂದ ಅವರ ಕಥೆಯ ಪಾತ್ರಗಳು ದಾವಣಗೆರೆಯ ಕನ್ನಡದಲ್ಲೇ ಮಾತನಾಡುತ್ತವೆ, ಇದು ಸಣ್ಣ ಸಂಗತಿಯಲ್ಲ. ನಲಿ-ಕಲಿಯಲ್ಲಿ ಮಕ್ಕಳು ಐದು ಗುಂಪುಗಳಲ್ಲಿ ಕೂರುವುದರಿಂದ ಎರಡೇ ಟ್ಯಾಬ್ ಇದ್ದರೂ ಅವನ್ನು ಸ್ವಕಲಿಕೆಯ ಗುಂಪಿಗೆ ಕೊಟ್ಟು ಸರದಿಯಲ್ಲಿ ನಡೆಸಬಹುದು. ಮಗುವಿಗೊಂದು ಸಾಧನ ಬೇಕೆಂಬ ಲೆಕ್ಕಾಚಾರ ಸಾಲು ಬೆಂಚಿನ ತರಗತಿಯಿಂದ ಬಂದದ್ದು.

ಕಂಪ್ಯೂಟರಿಲ್ಲದೆ ಕಂಪ್ಯೂಟರ್ ವಿಜ್ಞಾನ ಕಲಿಸುವ ಚಟುವಟಿಕೆಗಳನ್ನು ನ್ಯೂಜಿಲೆಂಡಿನ ಟಿಮ್ ಬೆಲ್ ಮತ್ತು ಸಂಗಡಿಗರು 1990ರ ದಶಕದಿಂದ ರೂಪಿಸುತ್ತ ಬಂದಿದ್ದಾರೆ. ನಮ್ಮಲ್ಲೂ ಕಂಪ್ಯೂಟರ್ ತಜ್ಞರ ಸಂಘವಾದ ಎಸಿಎಂ ಇಂಡಿಯಾ 2016ರಲ್ಲಿ ಆರಂಭಿಸಿದ ಸಿಎಸ್ ಪಾಠಶಾಲಾ ಇದೇ ದಾರಿಯದು. 1, 2, 4, 8, 16 ಚುಕ್ಕಿಗಳ ಐದು ರಟ್ಟಿನ ಕಾರ್ಡುಗಳಿಂದ, ಸೊನ್ನೆ ಮತ್ತು ಒಂದು ಎಂಬ ಎರಡೇ ಅಂಕಿಗಳ ದ್ವಿಮಾನ ಸಂಖ್ಯೆ ಕಲಿಸುವಂಥ ಆಟಗಳನ್ನು ಅಲ್ಲಿಂದ ತೆಗೆದುಕೊಳ್ಳಬಹುದು. ಆದರೆ ನಮ್ಮ ಹಿತ್ತಲಿನ ಸಾಮಾನನ್ನು ಬಿಟ್ಟು ಹೊರಗೆ ಹುಡುಕುವುದೇಕೆ? ಅಳಗುಳಿ ಮಣೆಯನ್ನು ನೋಡಿ. ಎರಡು ಸಾಲು, ಸಾಲಿಗೆ ಏಳು ಗುಳಿ, ಗುಳಿಗೆ ನಾಲ್ಕೋ ಐದೋ ಹುಣಸೆ ಬೀಜ. ಆಡುವವಳು ಒಂದು ಗುಳಿಯ ಬೀಜಗಳನ್ನೆಲ್ಲ ಎತ್ತಿಕೊಂಡು ಮುಂದಿನ ಗುಳಿಗಳಿಗೆ ಒಂದೊಂದಾಗಿ ಹಾಕುತ್ತ ಹೋಗುತ್ತಾಳೆ. ಕೈ ಬರಿದಾದಾಗ ಮುಂದಿನ ಗುಳಿಯಲ್ಲಿ ಬೀಜವಿದ್ದರೆ ಅವನ್ನೆತ್ತಿಕೊಂಡು ಮತ್ತೆ ಹಾಕುತ್ತಾಳೆ. ಅದು ಬರಿದಾಗಿದ್ದರೆ ಅದರಾಚೆಯ ಗುಳಿಯ ಬೀಜಗಳು ಅವಳ ಪಾಲು, ಆಟ ಎದುರಾಳಿಯದು. ಊರಿಂದೂರಿಗೆ ನಿಯಮ ತುಸು ಬದಲಾಗುತ್ತದೆ. ಕೈಯಲ್ಲಿ ಬೀಜ ಇರುವವರೆಗೆ ಹಾಕು ಎಂಬುದು ಒಂದು ಲೂಪ್, ಅಂದರೆ ಮತ್ತೆ ಮತ್ತೆ ನಡೆಯುವ ಸುತ್ತು. ಮುಂದಿನ ಗುಳಿ ಬರಿದಾಗುವವರೆಗೆ ಇದನ್ನೆಲ್ಲ ಮತ್ತೆ ಮಾಡು ಎಂಬುದು ಅದನ್ನು ಸುತ್ತುವರಿದ ಇನ್ನೊಂದು ಲೂಪ್. ಬರಿದಾದರೆ ಆಚೆಯದನ್ನು ಎತ್ತು ಎಂಬುದು ಷರತ್ತು. ಲೂಪಿನೊಳಗೊಂದು ಲೂಪ್ ಎಂಬ ವಿಷಯ ಎಂಜಿನಿಯರಿಂಗ್ ಮೊದಲ ವರ್ಷದವರನ್ನೂ ತೊಡರಿಸುತ್ತದೆ. ಮಣೆಯ ಮುಂದೆ ಕೂತ ಎಂಟು ವರ್ಷದ ಹುಡುಗಿಗೆ ಅದು ತೊಡರೇ ಅಲ್ಲ. ಶಿಕ್ಷಕರು ಮಾಡಬೇಕಾದದ್ದು ಇಷ್ಟೇ: ಆಟ ಗೊತ್ತಿಲ್ಲದ ಒಬ್ಬನಿಗೆ ಬಾಯಿ ಮಾತಿನಲ್ಲಿ ಮಾತ್ರ, ಕೈ ಮುಟ್ಟಿಸದೆ, ಆ ನಿಯಮ ಹೇಳಿಕೊಡಲು ಅವಳಿಗೆ ಹೇಳುವುದು. ಅವಳು ಹೇಳಲು ಮರೆತ ಹೆಜ್ಜೆ ಅಲ್ಲೇ ಬಯಲಾಗುತ್ತದೆ.

ನಾಲ್ಕು ಮತ್ತು ಐದನೇ ತರಗತಿಗೆ ಸ್ಕ್ರ್ಯಾಚ್ ಸಾಕು. ಎಂಐಟಿ ಮೀಡಿಯಾ ಲ್ಯಾಬಿನ ಮಿಚೆಲ್ ರೆಸ್ನಿಕ್ ತಂಡ 2007ರಲ್ಲಿ ಹೊರತಂದ, 8ರಿಂದ 16 ವರ್ಷದವರನ್ನು ಮನಸ್ಸಿನಲ್ಲಿಟ್ಟು ಮಾಡಿದ ಈ ತಂತ್ರಾಂಶ ಉಚಿತ. ಉಚಿತವಾದ್ದರಿಂದಲೇ ಅದನ್ನು ಮಾರಲು ಯಾರೂ ಶಾಲೆಗೆ ಬರುವುದಿಲ್ಲ, ಹಾಗಾಗಿ ಎಷ್ಟೋ ಆಡಳಿತ ಮಂಡಳಿಗಳಿಗೆ ಅದರ ಹೆಸರೇ ತಿಳಿದಿಲ್ಲ. ಆದರೆ ಸ್ಕ್ರ್ಯಾಚ್‌ನಲ್ಲಿರುವುದನ್ನೆಲ್ಲ ಕಲಿಸಹೊರಟರೆ ಅದೂ ಪೈಥಾನಿನಂತೆಯೇ ಕಾಡಬಲ್ಲದು. ಅದರಲ್ಲಿ ಬೆಕ್ಕು ಓಡಾಡುವ ರಂಗದ ನಡುಬಿಂದು ಸೊನ್ನೆ. ಅಡ್ಡಕ್ಕೆ ಋಣ 240ರಿಂದ ಧನ 240ರವರೆಗೆ, ಉದ್ದಕ್ಕೆ ಋಣ 180ರಿಂದ ಧನ 180ರವರೆಗೆ. ಋಣಸಂಖ್ಯೆಗಳನ್ನು ನಮ್ಮ ಮಕ್ಕಳು ಗಣಿತದಲ್ಲಿ ಕಾಣುವುದೇ 6ನೇ ತರಗತಿಯಲ್ಲಿ. ಆದ್ದರಿಂದ ನಿರ್ದೇಶಾಂಕದ ಬ್ಲಾಕುಗಳನ್ನು ಪಕ್ಕಕ್ಕಿಟ್ಟು, ಮುಂದೆ ಹೋಗು, ತಿರುಗು, ಮತ್ತೆ ಮಾಡು, ತಗುಲಿದರೆ, ಹೇಳು ಎಂಬ ಹತ್ತು ಹನ್ನೆರಡು ಬ್ಲಾಕುಗಳಲ್ಲೇ ಒಂದು ವರ್ಷ ಕಳೆಯುವುದು ಜಾಣತನ.

ಪೆನ್ ಎಂಬ ವಿಸ್ತರಣೆಯನ್ನು ಸೇರಿಸಿಕೊಂಡರೆ ಬೆಕ್ಕು ನಡೆದಲ್ಲೆಲ್ಲ ಗೆರೆ ಬೀಳುತ್ತದೆ, ಆಗ ರಂಗೋಲಿಯ ದಾರಿ ತೆರೆಯುತ್ತದೆ. ಏಳು ಚುಕ್ಕಿಯಿಂದ ಒಂದಕ್ಕೆ ಇಳಿಯುವ ಚುಕ್ಕಿ ರಂಗೋಲಿಯನ್ನು ಬಾಗಿಲ ಮುಂದೆ ಇಡುವ ಹುಡುಗಿಯರಿಗೆ ಪ್ರತಿ ಸಾಲಿಗೂ ಒಂದು ಕಡಿಮೆಯಾಗುವ ಆ ಸಂಖ್ಯೆ ಗೊತ್ತು. ಆ ಸಂಖ್ಯೆಗೆ 'ಚುಕ್ಕಿ' ಎಂದು ಕನ್ನಡದಲ್ಲೇ ಹೆಸರಿಟ್ಟು ಒಂದು ಪೆಟ್ಟಿಗೆಯಲ್ಲಿ ಇರಿಸಬಹುದು ಎಂದು ತೋರಿಸಿದರೆ 'ವೇರಿಯಬಲ್' ಎಂಬುದರ ಪಾಠ ಮುಗಿದಂತೆಯೇ.

ಯಂತ್ರದ ವಿಚಾರವನ್ನು ಕಡೆಗಣಿಸಿದರೆ ಇಷ್ಟೆಲ್ಲ ಮಾತೂ ಗಾಳಿಗೆ ಹೋಗುತ್ತದೆ. ಸ್ಕ್ರ್ಯಾಚ್‌ನ ಈಗಿನ ಆವೃತ್ತಿಯ ಆ್ಯಪಿಗೆ ವಿಂಡೋಸ್ 10 ಅಥವಾ ಅದಕ್ಕಿಂತ ಹೊಸದು ಬೇಕು. ದಾನವಾಗಿ ಬಂದ ಹಳೆಯ ವಿಂಡೋಸ್ 7 ಯಂತ್ರಗಳಿಗೆ 2009ರ 1.4ರಂಥ ಹಳೆಯ ಆವೃತ್ತಿಗಳೇ ಗತಿ, ಅವು ಕಳಪೆಯೇನಲ್ಲ. ವಿಂಡೋಸ್ 10ಕ್ಕೂ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ಸಾಮಾನ್ಯ ಬೆಂಬಲ ನಿಲ್ಲಿಸಿದೆ. ಒಮ್ಮೆ ಪೆನ್‌ಡ್ರೈವಿನಲ್ಲಿ ತಂದು ಹಾಕಿಕೊಂಡರೆ ಇಂಟರ್‌ನೆಟ್ ಇಲ್ಲದೆ ನಡೆಯುವುದು, ಅನುವಾದ ಮತ್ತು ಪಠ್ಯ ಓದಿಸುವ ವಿಸ್ತರಣೆಗಳನ್ನು ಬಿಟ್ಟರೆ, ಸ್ಕ್ರ್ಯಾಚ್‌ನ ಗುಣ. ನೆಟ್ ಇದ್ದರೆ ಮಾತ್ರ ನಡೆಯುವ ಸಾಧನವನ್ನು ಹೊಸದುರ್ಗ, ಮೊಳಕಾಲ್ಮೂರು ಕಡೆಯ ಹಳ್ಳಿ ಶಾಲೆಗೆ ಆರಿಸುವುದೆಂದರೆ ವಾರದ ಒಂದು ಪೀರಿಯಡ್ಡನ್ನು ಟವರಿನ ಕೃಪೆಗೆ ಒಪ್ಪಿಸಿದಂತೆ. ಕರೆಂಟಿನ ದೃಷ್ಟಿಯಿಂದಲೂ ಡೆಸ್ಕ್‌ಟಾಪ್‌ಗಿಂತ ಬ್ಯಾಟರಿಗೆ ಜೀವವಿರುವ ಹಳೆಯ ಲ್ಯಾಪ್‌ಟಾಪ್ ಮೇಲು. ಖಾತೆ ತೆರೆಯದೆ ಬಳಸಲಾಗದ ಸಾಧನಗಳನ್ನೂ ದೂರವಿಡಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ವರ್ಷದೊಳಗಿನವರೆಲ್ಲ ಮಕ್ಕಳೇ, ಅವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕು. ಅದನ್ನು ಕೇಳದೆಯೇ ಮಕ್ಕಳ ಹೆಸರು, ಹುಟ್ಟಿದ ದಿನ, ತಾಯಿಯ ಮೊಬೈಲ್ ಸಂಖ್ಯೆಗಳನ್ನು ಪರದೆಯ ನಮೂನೆಗಳಲ್ಲಿ ತುಂಬುವ ರೂಢಿ ನಮ್ಮಲ್ಲಿದೆ.

ಉಳಿದ ಸಾಧನಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕೋಡ್ ಡಾಟ್ ಆರ್ಗ್‌ನಂಥ ತಾಣಗಳ ಒಗಟುಗಳು ಚೆನ್ನಾಗಿವೆ, ಆದರೆ ಅಲ್ಲಿ ಮಗು ಬೇರೆಯವರು ಹಾಕಿದ ದಾರಿಯಲ್ಲಿ ಸಾಗುತ್ತದೆ. ರುಚಿ ಹತ್ತಿಸಲು ಸರಿ, ವರ್ಷವಿಡೀ ಸಾಲದು. ಮೈಕ್ರೋಬಿಟ್ ಎಂಬ 25 ದೀಪಗಳ ಪುಟ್ಟ ಫಲಕವನ್ನು ಬ್ರಿಟನ್ನಿನಲ್ಲಿ ಬಿಬಿಸಿ 2016ರಲ್ಲಿ ಹಂಚಿದ್ದು 7ನೇ ವರ್ಷದ, ಅಂದರೆ ಸುಮಾರು 11-12 ವರ್ಷದ ಮಕ್ಕಳಿಗೆ. ನಮ್ಮ ಅಟಲ್ ಟಿಂಕರಿಂಗ್ ಲ್ಯಾಬುಗಳೂ 6ರಿಂದ 12ನೇ ತರಗತಿಯವರಿಗೇ ಮೀಸಲು. ಪ್ರಾಥಮಿಕ ಶಾಲೆಗೆ ರೋಬೋಟ್ ಕಿಟ್ ಕೊಳ್ಳುವವರು ಮೊದಲ ವರ್ಷದ ಫೋಟೋಗಳ ನಂತರ ಅದರ ಮೋಟಾರು, ಬ್ಯಾಟರಿಗಳನ್ನು ಯಾರು ರಿಪೇರಿ ಮಾಡುತ್ತಾರೆಂದು ಕೇಳಿಕೊಳ್ಳಲಿ. ಇನ್ನು, ಹೇಳಿದ್ದಕ್ಕೆಲ್ಲ ಕೋಡ್ ಬರೆದುಕೊಡುವ ಎಐ ಚಾಟ್‌ಬಾಟುಗಳು. ಕೋಡ್ ಬರೆಯುವುದನ್ನೇ ಯಂತ್ರ ಮಾಡುವಾಗ ಮಕ್ಕಳಿಗೇಕೆ ಕಲಿಸಬೇಕೆಂದು ಕೇಳುವವರಿದ್ದಾರೆ. ಕ್ಯಾಲ್ಕುಲೇಟರ್ ಬಂದ ಮೇಲೂ ನಾವು ಮಗ್ಗಿ ಬಿಡಲಿಲ್ಲ. ಉತ್ತರ ಸರಿಯೋ ತಪ್ಪೋ ಎಂದು ಅಂದಾಜಿಸಲು ಅದು ಬೇಕು. ತಲೆಕೆಳಗಾದ ಬೆಕ್ಕನ್ನು ನೋಡಿ ಎಲ್ಲೋ ಒಂದು ಹೆಜ್ಜೆ ತಪ್ಪಿದೆಯೆಂದು ಅನ್ನಿಸುವ ಕಣ್ಣನ್ನು ಚಾಟ್‌ಬಾಟು ಕೊಡಲಾರದು.

ಹಾಗಾದರೆ ಪೈಥಾನ್ ಯಾವಾಗ? ಬ್ಲಾಕುಗಳಲ್ಲಿ ಆರಂಭಿಸಿದವರು ಹಿಂದೆ ಬೀಳುತ್ತಾರೆಂಬ ಆತಂಕ ಪಾಲಕರ ಸಭೆಗಳಲ್ಲಿ ತಪ್ಪದೆ ಕೇಳಿಬರುತ್ತದೆ. ಡೇವಿಡ್ ವೈನ್‌ಟ್ರಾಪ್ ಮತ್ತು ಯೂರಿ ವಿಲೆನ್ಸ್ಕಿ ಅಮೆರಿಕದ ಪ್ರೌಢಶಾಲೆಯೊಂದರಲ್ಲಿ ಈ ಹೋಲಿಕೆಯನ್ನು ಮಾಡಿ ನೋಡಿದ್ದಾರೆ. ಮೊದಲ ಐದು ವಾರ ಬ್ಲಾಕುಗಳಲ್ಲಿ ಕಲಿತವರು, ಪಠ್ಯದಲ್ಲಿ ಕಲಿತವರಿಗಿಂತ ಹೆಚ್ಚು ಕಲಿತಿದ್ದರು. ನಂತರ ಎರಡೂ ಗುಂಪು ಜಾವಾ ಭಾಷೆಗೆ ಬಂದು ಹತ್ತು ವಾರ ಕಳೆದ ಮೇಲೆ ವ್ಯತ್ಯಾಸ ಉಳಿಯಲಿಲ್ಲ. ಲಾಭ ಶಾಶ್ವತವಲ್ಲ, ನಷ್ಟವಂತೂ ಇಲ್ಲ. ಪ್ರೌಢಶಾಲೆಯವರ ಮಟ್ಟಿಗೇ ಹೀಗಿರುವಾಗ ಒಂಬತ್ತು ವರ್ಷದವರನ್ನು ಪಠ್ಯಕ್ಕೆ ಅವಸರಪಡಿಸಲು ಕಾರಣ ಕಾಣುವುದಿಲ್ಲ. ಆರು ಅಥವಾ ಏಳನೇ ತರಗತಿಯಲ್ಲಿ, ಇಂಗ್ಲಿಷ್ ಅಕ್ಷರಗಳೂ ಕೀಲಿಮಣೆಯೂ ಕೈಗೆ ಒಗ್ಗಿದ ಮೇಲೆ, ಪೈಥಾನಿನೊಂದಿಗೇ ಬರುವ ಆಮೆಯ ಮೂಲಕ ಅದೇ ಚೌಕ, ಅದೇ ರಂಗೋಲಿಯನ್ನು ಇನ್ನೊಮ್ಮೆ ಬರೆಸಿದರೆ ಸೇತುವೆ ಕಟ್ಟಿದಂತಾಗುತ್ತದೆ.

ಕೊನೆಗೂ ಪ್ರಶ್ನೆ ಬಂದು ನಿಲ್ಲುವುದು ಶಿಕ್ಷಕರ ಬಳಿ. ಕನ್ನಡ, ಗಣಿತ, ಪರಿಸರ, ಬಿಸಿಯೂಟದ ಲೆಕ್ಕ, ಗಣತಿ ಎಲ್ಲವನ್ನೂ ಹೊತ್ತವರ ಮೇಲೆ ಇನ್ನೊಂದು ವಿಷಯ ಹೊರಿಸುವಾಗ, ಒಂದು ದಿನದ ಆನ್‌ಲೈನ್ ತರಬೇತಿ ಕೊಟ್ಟು ಕೈತೊಳೆದುಕೊಳ್ಳುವುದು ನ್ಯಾಯವಲ್ಲ. ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿರುವ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಶಿಕ್ಷಕರಿಗಾಗಿ ವಿಜ್ಞಾನ, ಗಣಿತಗಳ ತರಬೇತಿ ವರ್ಷಗಳಿಂದ ನಡೆಯುತ್ತಿದೆ. ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳ ಪ್ರಾಥಮಿಕ ಶಿಕ್ಷಕರಿಗೆ ಅಂಥ ಕಡೆ ನಾಲ್ಕು ದಿನ ಕೂತು ಬೆಕ್ಕನ್ನು ತಲೆಕೆಳಗು ಮಾಡಿ ನೋಡುವ ಅವಕಾಶ ಸಿಕ್ಕರೆ ಕಿಟ್ ಕೊಳ್ಳುವ ದುಡ್ಡಿಗಿಂತ ಹೆಚ್ಚು ಪ್ರಯೋಜನ. ಎಲ್ಲ ಉತ್ತರ ಗೊತ್ತಿರುವ ಶಿಕ್ಷಕರಿಗಿಂತ "ನನಗೂ ಗೊತ್ತಿಲ್ಲ, ನೋಡೋಣ" ಎನ್ನಲು ಅಳುಕದ ಶಿಕ್ಷಕರು ಈ ವಿಷಯಕ್ಕೆ ಹೆಚ್ಚು ಬೇಕು. ಕೊಳ್ಳುವ ಮೊದಲು ಪರೀಕ್ಷಿಸುವುದೂ ಕಷ್ಟವಲ್ಲ: ಇಬ್ಬರು ಮಕ್ಕಳನ್ನು 40 ನಿಮಿಷ, ನೆಟ್ ಆರಿಸಿ, ಮಾರುವವರನ್ನು ಹೊರಗೆ ಕೂರಿಸಿ, ಸಾಧನದ ಮುಂದೆ ಬಿಡಿ. ಅವರು ನಿಮ್ಮನ್ನು ಎಷ್ಟು ಸಲ ಕರೆದರು ಎಂಬುದಕ್ಕಿಂತ ಯಾವುದಕ್ಕಾಗಿ ಕರೆದರು ಎಂದು ಬರೆದುಕೊಳ್ಳಿ.

ನನಗಿರುವ ದೊಡ್ಡ ಅಂಜಿಕೆ ಸಾಧನದ್ದಲ್ಲ, ಪ್ರಶ್ನೆಪತ್ರಿಕೆಯದ್ದು. ಕೋಡಿಂಗ್ ಪಠ್ಯವಾದ ಮರುವರ್ಷವೇ "ಲೂಪ್ ಎಂದರೇನು? ಎರಡು ವಾಕ್ಯಗಳಲ್ಲಿ ಉತ್ತರಿಸಿ" ಎಂಬ ಪ್ರಶ್ನೆಯೂ ಅದಕ್ಕೊಂದು ಗೈಡೂ ಬರುತ್ತವೆ. ಜಗಳೂರಿನ ಮೇಷ್ಟ್ರು ತಮ್ಮ ಕಿರುಪರೀಕ್ಷೆಗೆ ಬೇರೆ ದಾರಿ ಹಿಡಿದಿದ್ದರು. ಹಾಳೆಯ ಮೇಲೆ ನಾಲ್ಕು ಬ್ಲಾಕುಗಳ ಚಿತ್ರ ಬರೆದು, ಹಸಿರು ಬಾವುಟ ಒತ್ತಿದರೆ ಬೆಕ್ಕು ಎಲ್ಲಿ ನಿಲ್ಲುತ್ತದೆ ಎಂದು ಕೇಳಿದ್ದರು. ಬಹಳಷ್ಟು ಮಕ್ಕಳು ಬಲ ಅಂಚು, ಎಡ ಅಂಚು ಎಂದು ಬರೆದಿದ್ದರು. ಆ ನಾಲ್ಕರಲ್ಲಿ ಒಂದು 'ಯಾವಾಗಲೂ ಮಾಡುತ್ತಿರು' ಎನ್ನುವ ಬ್ಲಾಕೆಂಬುದನ್ನು ಗಮನಿಸಿದವಳೊಬ್ಬಳು, ವಾಕ್ಯವನ್ನೂ ಪೂರ್ತಿ ಮಾಡದೆ, "ನಿಲ್ಲಲ್ಲ" ಎಂದಷ್ಟೇ ಬರೆದಿದ್ದಳು. ಮೇಷ್ಟ್ರು ಪೂರ್ತಿ ಅಂಕ ಕೊಟ್ಟರು.